ಮರಳು ಸಾಕಿದ ಕಥೆ

ಮನೆಗೊಂದು ಪ್ರಾಣಿ ಬೇಕು ಎಂಬ ಮಗಳ ಅರ್ಜಿ ನಮ್ಮಲ್ಲಿ ಬಹಳ ಕಾಲದಿಂದ ಪೆಂಡಿಂಗ್ ಇತ್ತು. ನಾಯಿ ಬೇಡ ಎಂದು ನಮ್ಮ ಮನೆಯವರು, ಬೆಕ್ಕು ಬೇಡ ಎಂದು ಅತ್ತೆ, ಎರಡೂ ಬೇಡ ಎಂದು ಗುಡಿಸಿ ಒರೆಸುವ ನಾನು. ಹಾಗಾಗಿ ಮಾತು ಸಣ್ಣ ಪ್ರಾಣಿಗಳ ಕಡೆ ಹೊರಳಿತು. ಹ್ಯಾಮ್‌ಸ್ಟರ್ ನೋಡಲು ಮುದ್ದು, ಆದರೆ ರಾತ್ರಿಯಿಡೀ ಚಕ್ರ ತಿರುಗಿಸುತ್ತದೆ. ಎರಡು ಮೂರು ವರ್ಷಕ್ಕೆ ಹೋಗಿಯೂಬಿಡುತ್ತದೆ. ಆಮೇಲೆ ಮಗಳನ್ನು ಸಮಾಧಾನ ಮಾಡುವವರು ಯಾರು? ಕಡ್ಡಿ ಹುಳುವಿನ ಪ್ರಸ್ತಾಪವೂ ಬಂತು. ಎಲೆ ಹಾಕಿದರೆ ಸಾಕು, ಸದ್ದಿಲ್ಲ, ವಾಸನೆಯಿಲ್ಲ. ಗಂಡಿನ ನೆರವೇ ಇಲ್ಲದೆ ಮೊಟ್ಟೆಯಿಟ್ಟು ಮರಿ ಮಾಡುವ ಜಾತಿಗಳೂ ಅದರಲ್ಲಿವೆ ಎಂದು ನಾನು ಓದಿ ಹೇಳಿದಾಗ ಇವರು ಯಾಕೋ ಸುಮ್ಮನಾದರು. ಆದರೆ ಕಡ್ಡಿಯಂತೆಯೇ ಕಾಣುವ ಪ್ರಾಣಿಯನ್ನು ಅತ್ತೆಯ ಪೊರಕೆಯಿಂದ ಕಾಪಾಡುವುದು ನಮ್ಮಿಂದ ಆಗದ ಕೆಲಸ.

ಕೊನೆಗೆ ಬಂದದ್ದು ಹರ್ಮಿಟ್ ಕ್ರ್ಯಾಬ್. ಖಾಲಿ ಶಂಖವನ್ನು ಬೆನ್ನಿಗೇರಿಸಿಕೊಂಡು ನೆಲದ ಮೇಲೆ ಓಡಾಡುವ ಏಡಿ. ಪರಿಚಯದವರೊಬ್ಬರು ಊರು ಬಿಡುವಾಗ ಗಾಜಿನ ತೊಟ್ಟಿಯ ಸಮೇತ ಕೊಟ್ಟು ಹೋದರು. ದುಡ್ಡು ಕೊಟ್ಟು ತರಲು ನನಗಂತೂ ಮನಸ್ಸಿರಲಿಲ್ಲ. ಇದರ ಮರಿಗಳು ಮೊದಮೊದಲು ಬೆಳೆಯುವುದು ಸಮುದ್ರದ ನೀರಿನಲ್ಲಿ. ತೊಟ್ಟಿಯಲ್ಲಿ ಮರಿ ಮಾಡಿಸುವುದು ಬಲು ಕಷ್ಟ. ಹಾಗಾಗಿ ಮಾರಾಟಕ್ಕೆ ಬರುವುದು ಹೆಚ್ಚುಕಮ್ಮಿ ಎಲ್ಲವೂ ಕಡಲತೀರದಿಂದ ಹಿಡಿದು ತಂದದ್ದೇ. “ಇದಕ್ಕೆ ಏನೂ ಕೆಲಸ ಇರೋದಿಲ್ಲ, ಸುಮ್ನೆ ಇದ್ರೆ ಸಾಕು” ಎಂದರು ಕೊಟ್ಟವರು. ಹಾಗೆ ಹೇಳಿ, ಹಾಳೆ ತುಂಬ ಸೂಚನೆ ಬರೆದ ಕಾಗದವನ್ನೂ ಕೈಗಿಟ್ಟರು.

ಮಗಳು ಶಂಖಪ್ಪ ಎಂದು ಹೆಸರಿಟ್ಟಳು. ಶಂಖಮ್ಮ ಯಾಕಾಗಿರಬಾರದು ಎಂದು ಕೇಳಿದೆ. ಅದು ತಿಳಿಯಬೇಕಾದರೆ ಅವನು ಶಂಖದಿಂದ ಸಾಕಷ್ಟು ಹೊರಬಂದು ಕಾಲಿನ ಬುಡ ತೋರಿಸಬೇಕಂತೆ. ಅವನು ಅಷ್ಟು ಸಲಿಗೆಯವನಲ್ಲ. ಶಂಖಪ್ಪ ಎಂದೇ ಉಳಿಯಿತು.

ನೆಲದ ಮೇಲಿದ್ದರೂ ಈ ಏಡಿ ಉಸಿರಾಡುವುದು ಕಿವಿರಿನಿಂದ. ಕಿವಿರು ಒಣಗಿದರೆ ಜೀವಕ್ಕೇ ಕುತ್ತು. ಅದಕ್ಕೇ ತೊಟ್ಟಿಗೆ ಮುಚ್ಚಳ ಹಾಕಿ ಒಳಗಿನ ತೇವಾಂಶವನ್ನು ಶೇ. 80ರ ಆಸುಪಾಸು ಇಡಬೇಕು. ಮಗಳಿಗೆ ಜ್ವರ ಬಂದರೆ ಹಣೆ ಮುಟ್ಟಿ “ಏನಿಲ್ಲ ಬಿಡು” ಎನ್ನುವ ನಮ್ಮ ಮನೆಯವರು, ಏಡಿಗೆ ತೇವಾಂಶ ಅಳೆಯುವ ಮೀಟರು ತಂದರು. ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. “ಎಪ್ಪತ್ತೆರಡಕ್ಕೆ ಇಳಿದಿದೆ ಕಣೇ!” ಎಂದು ಕೂಗಿದರೆ ನಾನು ಒಲೆ ಆರಿಸಿ ನೀರಿನ ಸ್ಪ್ರೇ ಹಿಡಿದು ಓಡಬೇಕು.

ನೀರಿಗೂ ಎರಡು ಬಟ್ಟಲು. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆಯಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ, ಸಮುದ್ರದ ಮೀನಿನ ತೊಟ್ಟಿಗೆ ಹಾಕುವ ಉಪ್ಪೇ ಆಗಬೇಕು. ಇದೆಲ್ಲ ನೋಡಿ ಅತ್ತೆ ಒಂದು ದಿನ ಬಾಯಿ ಬಿಟ್ಟರು. “ನನ್ನ ಸಾರಿಗೆ ಚಿಟಿಕೆ ಉಪ್ಪು ಜಾಸ್ತಿ ಆದ್ರೆ ಬಿಪಿ ಅಂತೀರಿ. ಇವನಿಗೆ ಬಟ್ಟಲು ತುಂಬ, ಅದೂ ಸ್ಪೆಷಲ್ ಉಪ್ಪು!”

ಹಗಲೆಲ್ಲ ಶಂಖದೊಳಗೆ ಮುದುಡಿಕೊಂಡಿರುವ ಈ ಆಸಾಮಿಗೆ ರಾತ್ರಿಯಾದರೆ ಕೈಕಾಲು ಮೂಡುತ್ತವೆ. ಹತ್ತುವುದರಲ್ಲಂತೂ ಭಾರೀ ಚುರುಕು. ಮೀಟರಿನ ವೈರು ಹಿಡಿದು ಮೇಲೇರಿ, ಸರಿಯಾಗಿ ಕೂರದ ಮುಚ್ಚಳ ತಳ್ಳಿ ಒಂದು ರಾತ್ರಿ ಪರಾರಿಯಾದ. ನಡುರಾತ್ರಿ ಹಜಾರದಲ್ಲಿ ಟಕ್, ಟಕ್, ಟಕ್. ಕಳ್ಳನೇ ಇರಬೇಕೆಂದು ಇವರು ಛತ್ರಿ ಹಿಡಿದು ಹೊರಟರು. ಇವರ ಹಿಂದೆ ನಾನು, ನನ್ನ ಹಿಂದೆ ಮಗಳು. ದೀಪ ಹಾಕಿದರೆ ಯಾರೂ ಇಲ್ಲ. ದೀಪ ಆರಿಸಿದರೆ ಮತ್ತೆ ಟಕ್ ಟಕ್. ಕಡೆಗೆ ಶಂಖಪ್ಪ ಸಿಕ್ಕಿದ್ದು ಬಚ್ಚಲಲ್ಲಿ, ಬಕೆಟ್ಟಿನ ಹಿಂದೆ. ಇಡೀ ಮನೆಯಲ್ಲಿ ತೇವಾಂಶ ಸರಿಯಾಗಿರುವ ಜಾಗವನ್ನು ಯಾವ ಮೀಟರೂ ಇಲ್ಲದೆ ಕಂಡುಹಿಡಿದಿದ್ದ.

ಇಷ್ಟೆಲ್ಲ ಸಡಗರದ ನಡುವೆ ಒಂದು ದಿನ ಅವನು ಮಾಯವಾದ. ಈ ಸಲ ಹೊರಗಲ್ಲ, ಒಳಗೆ. ದೇಹ ಬೆಳೆದು ಮೇಲಿನ ಗಟ್ಟಿ ಕವಚ ಬಿಗಿಯಾದಾಗ ಏಡಿ ಮರಳಿನೊಳಗೆ ಹೂತುಕೊಂಡು ಅದನ್ನು ಕಳಚುತ್ತದೆ. ಆಮೇಲೆ ಕಳಚಿದ್ದನ್ನು ತಾನೇ ತಿಂದು ಹೊಸ ಕವಚ ಗಟ್ಟಿ ಮಾಡಿಕೊಳ್ಳುತ್ತದೆ. ಇದಕ್ಕೆಂದೇ ತೊಟ್ಟಿಯಲ್ಲಿ ಏಡಿಯ ಎತ್ತರಕ್ಕಿಂತ ಮೂರು ಪಟ್ಟಾದರೂ ಆಳಕ್ಕೆ, ಮರಳು ಮತ್ತು ತೆಂಗಿನ ನಾರಿನ ಪುಡಿ ಕಲಸಿ ತುಂಬಿರಬೇಕು. ಒಳಗೆ ಹೋದವನು ಬರಲು ವಾರಗಟ್ಟಲೆ ಬೇಕು. ದೊಡ್ಡ ಏಡಿಯಾದರೆ ತಿಂಗಳುಗಳೇ ಹಿಡಿಯುತ್ತವೆ. ಕೆದಕಿ ನೋಡಬಾರದು. ಮೆತ್ತಗಿರುವ ಆ ಹೊತ್ತಿನಲ್ಲಿ ಕೈ ತಗುಲಿದರೆ ಸತ್ತೇ ಹೋಗಬಹುದು.

ಅಲ್ಲಿಗೆ ನಾವು ಮರಳು ಸಾಕಲು ಶುರು ಮಾಡಿದೆವು. ಮರಳಿಗೆ ತೇವಾಂಶ ನೋಡಿದೆವು, ಮರಳಿಗೆ ನೀರು ಬದಲಿಸಿದೆವು. ದಿನಾ ರಾತ್ರಿ ಮರಳಿನ ಮುಂದೆ ಹಣ್ಣಿನ ಚೂರು ಇಟ್ಟು ಬೆಳಿಗ್ಗೆ ಎತ್ತಿ ಎಸೆದೆವು. ಕೆಲಸವೇ ಇಲ್ಲದ ಪ್ರಾಣಿ ಎಂದಿದ್ದರಲ್ಲ, ಆ ಕೆಲಸವಿಲ್ಲದ ಕೆಲಸವೇ ಎಲ್ಲಕ್ಕಿಂತ ದೊಡ್ಡದು ನೋಡಿ. ಕೈ ಸುಮ್ಮನಿದ್ದರೂ ತಲೆ ಸುಮ್ಮನಿರುವುದಿಲ್ಲ. ಬದುಕಿದ್ದಾನೋ ಇಲ್ಲವೋ? ಸತ್ತಿದ್ದರೆ ಕೊಳೆತ ಮೀನಿನ ನಾತ ಬರುತ್ತದಂತೆ. ಅದಕ್ಕೇ ದಿನಾ ಬೆಳಿಗ್ಗೆ ನಾನು ಮುಚ್ಚಳ ತೆಗೆದು ಮೂಗು ಇಳಿಬಿಟ್ಟು ಮೂಸುತ್ತಿದ್ದೆ. ಹಾಗೆ ಮೂಸುತ್ತಿದ್ದಾಗಲೇ ಚಿಕ್ಕಮಾವ ಬಂದರು.

“ಏನಮ್ಮಾ ಅದು?”

“ಏಡಿ ಸಾಕಿದ್ದೀವಿ, ಚಿಕ್ಕಮಾವ.”

ಬಗ್ಗಿ ನೋಡಿದರು. “ಎಲ್ಲಿ?”

“ಮರಳಿನ ಅಡಿಯಲ್ಲಿದ್ದಾನೆ, ಕಾಣಿಸೋದಿಲ್ಲ” ಎಂದರು ನಮ್ಮ ಮನೆಯವರು.

“ಕಾಣದೇ ಇದ್ರೆ ಇದ್ದಾನೆ ಅಂತ ಹೇಗೋ ಹೇಳ್ತೀಯ?”

“ಇದ್ದಾನೆ ಅಂತ ನಂಬಬೇಕು.”

ಅತ್ತೆ ಅಡುಗೆಮನೆಯಿಂದಲೇ ಹೇಳಿದರು. “ಕೇಳಿಸ್ಕೊಳ್ಳಪ್ಪ. ದೇವರನ್ನ ತೋರಿಸು, ಆಮೇಲೆ ಕೈ ಮುಗೀತೀನಿ ಅಂತ ನನ್ನ ಜೊತೆ ಜಗಳ ಆಡ್ತಿದ್ದವನು ಇವನೇ!”

ದೇವರ ದಯೆಯೋ ಮರಳಿನ ದಯೆಯೋ, ಶಂಖಪ್ಪ ಎದ್ದು ಬಂದ. ಬಣ್ಣ ತಿಳಿಯಾಗಿತ್ತು, ಮೈ ಬೆಳೆದಿತ್ತು. ಅಂದರೆ ಹಳೆಯ ಶಂಖ ಸಾಲದು. ಇವರು ಆಗಲೇ ಹೊಸ ಶಂಖಗಳನ್ನು ತರಿಸಿ, ಕುದಿಸಿ ತಣಿಸಿ ಸಾಲಾಗಿ ಇಟ್ಟಿದ್ದರು. ಬಣ್ಣ ಬಳಿದದ್ದು ಒಂದೂ ಇರಲಿಲ್ಲ. ಆ ಬಣ್ಣ ಎದ್ದು ಹೊಟ್ಟೆಗೆ ಹೋದರೆ ಕೆಟ್ಟದ್ದು. ಶಂಖಪ್ಪ ಒಂದೊಂದನ್ನೂ ಕಾಲಲ್ಲಿ ಉರುಳಿಸಿದ, ಬಾಯಿ ತಡವಿದ, ಒಳಗೆ ಕೊಂಡಿ ಹಾಕಿ ಅಳತೆ ನೋಡಿದ. ಹುಡುಗಿ ನೋಡಲು ಬಂದವರ ಹಾಗೆ ಏನೂ ಹೇಳದೆ ಎದ್ದು ಹೋದ.

ಮಗಳಿಗೆ ತಡೆಯಲಾಗಲಿಲ್ಲ. ಅತ್ತೆಯ ಶೋಕೇಸಿನಲ್ಲಿ ಒಂದು ದುಂಡನೆಯ ಶಂಖವಿತ್ತು. ಮಾವ ಎಂದೋ ಕಡಲತೀರದಿಂದ ಹೆಕ್ಕಿ ತಂದುಕೊಟ್ಟದ್ದು. ಅವಳು ಅದನ್ನು ತೊಟ್ಟಿಗಿಳಿಸಿದ್ದು ಬೆಳಗಾಗುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದರೆ ಶಂಖಪ್ಪ ಅದರೊಳಗೆ ಸಂಸಾರ ಹೂಡಿದ್ದ.

ಎಳೆದು ತೆಗೆಯುವಂತಿಲ್ಲ. ಮೈ ಹರಿದರೂ ಅವನು ಬಿಡುವುದಿಲ್ಲ. ಅತ್ತೆ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮೂರನೆಯ ದಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. “ಯಾವಾಗ ಖಾಲಿ ಮಾಡ್ತಾನೆ?” ಎಂದು ನನ್ನನ್ನೇ ಕೇಳಿದರು. ಇನ್ನೂ ಬೆಳೆದು ಅದಕ್ಕಿಂತ ಒಳ್ಳೆಯದು ಸಿಕ್ಕಾಗ ಎಂದೆ. ಅಂದಿನಿಂದ ಅವನ ಊಟದ ಉಸ್ತುವಾರಿ ಅತ್ತೆಯದೇ.

ಮಗಳು ಇದನ್ನೇ ಕಾಯುತ್ತಿದ್ದಳು ಎಂದು ಕಾಣುತ್ತದೆ. ಪುಸ್ತಕ ತಂದು ಅಜ್ಜಿಯ ಪಕ್ಕ ಕೂತು ಓದಿ ಹೇಳಿದಳು. ತೀರದಲ್ಲಿ ಒಂದು ದೊಡ್ಡ ಶಂಖ ಖಾಲಿ ಬಿದ್ದಿದ್ದರೆ ಏಡಿಗಳು ದೊಡ್ಡದರಿಂದ ಚಿಕ್ಕದರವರೆಗೆ ಸಾಲುಗಟ್ಟಿ ಕಾಯುತ್ತವಂತೆ. ಮೊದಲನೆಯದು ಅದಕ್ಕೆ ಹೊಕ್ಕಿತೋ, ಅದು ಬಿಟ್ಟದ್ದಕ್ಕೆ ಎರಡನೆಯದು, ಎರಡನೆಯದು ಬಿಟ್ಟದ್ದಕ್ಕೆ ಮೂರನೆಯದು.

“ಅಜ್ಜಿ, ಇವನಿಗಿಂತ ದೊಡ್ಡದೊಂದು ಏಡಿ ಬಂದ್ರೆ, ಅದು ಬಿಟ್ಟ ಶಂಖಕ್ಕೆ ಇವನು ಹೋಗ್ತಾನೆ. ನಿನ್ನದು ಖಾಲಿ ಆಗತ್ತೆ. ಅವಕ್ಕೂ ಗುಂಪಲ್ಲಿ ಇರೋದೇ ಇಷ್ಟ ಅಂತೆ.”

ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ಹಾಗಾದ್ರೆ ಈ ತೊಟ್ಟಿ ಸಾಲೋದಿಲ್ಲ, ಅಲ್ವೇನೇ?” ಎಂದರು.