ಟಿಕ್ ಅಂದ ಕೂಡಲೇ ಬ್ಯಾಟರಿ ಬದಲಿಸಬೇಕಾ?

ಹಳೆಯ ಮಾರುತಿ 800ರ ಕೀ ತಿರುಗಿಸಿದಾಗ ಬರೀ ‘ಟಿಕ್’ ಅಂದರೆ ಸಾಕು, ಬಾನೆಟ್ ಪೂರ್ತಿ ಎತ್ತುವ ಮೊದಲೇ ಮೆಕ್ಯಾನಿಕ್‌ಗಳು ‘ಬ್ಯಾಟರಿ ಹೋಗಿದೆ ಸಾರ್’ ಅಂದುಬಿಡುತ್ತಾರೆ. ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡುವ ವ್ಯವಧಾನವೇ ಇಲ್ಲ! ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ ಮೇಲೂ ಅದೇ ಟಿಕ್.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಅದರಲ್ಲಿ ಚಾರ್ಜ್ ಇದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಕುಸಿಯದಿದ್ದರೆ ತೊಂದರೆ ಬೇರೆಡೆ ಇದೆ, ಬಹಳ ಸಲ ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿಗೆ, ಬಾಡಿಗೆ ಹೋಗುವ ಅರ್ತ್ ವೈರಿನಲ್ಲಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ ಎಂದೇ ಅರ್ಥ. ತುಕ್ಕು, ಸಡಿಲ ಬೋಲ್ಟ್, ಒಳಗೇ ಕೊಳೆತ ತಂತಿ, ಇಷ್ಟೇ ಕಾರಣ.

ಸ್ವಚ್ಛ ಮಾಡಲು ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆಯಿರಿ. ಆ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಒರೆಸಿ, ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಹಾಕುವಾಗ ಪ್ಲಸ್ ಮೊದಲು. ಸ್ಟಾರ್ಟರ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್‌ಗೆ ಹೋಗುವ ಸಣ್ಣ ವೈರಿನ ಕ್ಲಿಪ್ಪನ್ನೂ ಅಲ್ಲಾಡಿಸಿ ನೋಡಿ.

ಇಂಥ ಅರ್ಧ ಗಂಟೆಯ ಕೆಲಸಕ್ಕೆ ಒಳ್ಳೆಯ ಬ್ಯಾಟರಿ ಗುಜರಿಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಬ್ಯಾಟರಿ ನಿಜವಾಗಿ ಇಳಿದಿದ್ದರೂ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡದೆ ಬದಲಿಸಬೇಡಿ: ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬರದಿದ್ದರೆ ಮೊದಲು ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಬಿಗಿ ಇದೆಯೇ ನೋಡಿ.