ಬಿಳಿ ಬಟ್ಟೆ ಹೊರಗೆ ಒಣಗಿಸುವ ಊರಿನಿಂದ

ಜಪಾನಿನ ಕಿತಾಕ್ಯೂಶೂ ನಗರದ ತೊಬಾತಾ ಎಂಬ ಭಾಗದಲ್ಲಿ ಬಾಡಿಗೆಮನೆ ಹಿಡಿದ ಮೊದಲ ಭಾನುವಾರ, ಊರಿನಿಂದ ತಂದಿದ್ದ ಎರಡು ಬಿಳಿ ಪಂಚೆಗಳನ್ನು ಒಗೆದು ಬಾಲ್ಕನಿಯಲ್ಲಿ ಒಣಹಾಕಿದ್ದೆ. ಪಕ್ಕದ ಬಾಲ್ಕನಿಯಲ್ಲಿ ಹೂಕುಂಡಗಳಿಗೆ ನೀರೆರೆಯುತ್ತಿದ್ದ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಅವನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಅರೆಬರೆ ಜಪಾನಿಗೆ ಎಟಕುವಷ್ಟು ನಿಧಾನವಾಗಿ, ತಾನು ಚಿಕ್ಕವಳಾಗಿದ್ದಾಗ ಈ ಬೀದಿಯಲ್ಲಿ ಯಾರೂ ಬಿಳಿ ಬಟ್ಟೆಯನ್ನು ಹೊರಗೆ ಒಣಗಿಸುತ್ತಿರಲಿಲ್ಲ ಎಂದರು. ಸಂಜೆ ಪಂಚೆ ಮಡಚುವಾಗ ಒಂದು ಕಪ್ಪು ಚುಕ್ಕೆಯೂ ಕಾಣಲಿಲ್ಲ. ಉಕ್ಕಿನ ಕಾರ್ಖಾನೆಯ ಚಿಮಣಿಗಳಾದರೋ ಕಣ್ಣಳತೆಯಲ್ಲೇ ಇದ್ದವು.

ಅದೇ ವಾರ ಅಮ್ಮನಿಗೆ ಫೋನ್ ಮಾಡಿ ಈ ಸಂಗತಿ ಹೇಳಿದೆ. ನಮ್ಮ ಮನೆ ಮೂಲ್ಕಿ ಮತ್ತು ಪಡುಬಿದ್ರಿಯ ನಡುವೆ, ಶಾಂಭವಿ ಹೊಳೆಗೆ ಹತ್ತಿರ. ತೆಂಕಲಿಗೆ ಪಣಂಬೂರು, ಸುರತ್ಕಲ್ ಕಡೆಯ ಚಿಮಣಿಗಳು, ಬಡಗಲಿಗೆ ಇನ್ನೊಂದಿಷ್ಟು. "ತಾರಸಿಯಲ್ಲಿ ಹಾಕಿದರೆ ಎಂಥದೋ ಕರಿ ಹುಡಿ ಕೂರುತ್ತದೆ ಮಗಾ, ನಾನು ಚಾವಡಿಯ ಒಳಗೇ ಹಗ್ಗ ಕಟ್ಟಿದ್ದೇನೆ" ಎಂದರು ಅಮ್ಮ. ಆ ಹುಡಿ ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೆದ್ದಾರಿಯ ಲಾರಿಗಳದ್ದೇ ಇರಬಹುದು. ಗೊತ್ತಿಲ್ಲದಿರುವುದೇ ನನ್ನನ್ನು ಚುಚ್ಚಿತು.

ಬಂಡವಾಳ ಗಡಿ ದಾಟಿದಾಗ ಹೊಗೆಯೂ ಜೊತೆಗೆ ಬರುತ್ತದೆಯೇ ಎಂಬ ಪ್ರಶ್ನೆಯ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಎರಡು ಪಂಗಡಗಳಿವೆ. ಶ್ರೀಮಂತ ದೇಶಗಳಲ್ಲಿ ಕಾನೂನು ಬಿಗಿಯಾದಂತೆ ಕೊಳಕು ಉದ್ದಿಮೆಗಳು ಸಡಿಲ ಕಾನೂನಿನ ಬಡ ದೇಶಗಳಲ್ಲಿ ಆಶ್ರಯ ಹುಡುಕುತ್ತವೆ ಎನ್ನುವುದು ಒಂದು ಪಂಗಡದ ವಾದ. ಹೊರಗಿನ ಕಂಪನಿ ಒಳ್ಳೆಯ ಯಂತ್ರವನ್ನೂ ಒಳ್ಳೆಯ ಅಭ್ಯಾಸವನ್ನೂ ತರುವುದರಿಂದ ಅದರ ಸುತ್ತಲಿನ ಸ್ಥಳೀಯ ಉದ್ದಿಮೆಗಳೂ ಸುಧಾರಿಸುತ್ತವೆ ಎನ್ನುವುದು ಇನ್ನೊಂದರ ವಾದ. ಇದಕ್ಕೆ ಅವರು ಇಟ್ಟ "ಹೇಲೋ" ಎಂಬ ಹೆಸರು ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯನ್ನು ನೆನಪಿಸುವಂಥದ್ದು. ಎರಡಕ್ಕೂ ಉದಾಹರಣೆಗಳು ಸಿಗುತ್ತವೆ. ಆದರೆ ಕರಾವಳಿಯಲ್ಲಿ ಬೆಳೆದ ನನಗೆ, ಹಣ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಬಂದ ಹಣಕ್ಕೆ ಊರು ಏನು ಷರತ್ತು ಹಾಕಿತು ಎನ್ನುವುದೇ ಹೆಚ್ಚು ಮುಖ್ಯವೆಂದು ಈಚೆಗೆ ತೋರತೊಡಗಿದೆ.

ಪಡುಬಿದ್ರಿಯ ಪಕ್ಕದ ನಂದಿಕೂರಿನ ಕತೆಯನ್ನೇ ನೋಡಿ. 1991ರ ಬಳಿಕ ವಿದ್ಯುತ್ ಕ್ಷೇತ್ರವನ್ನು ಹೊರದೇಶದ ಬಂಡವಾಳಕ್ಕೆ ತೆರೆದಾಗ ಕೇಂದ್ರ ಸರ್ಕಾರ ತ್ವರಿತ ಮಂಜೂರಾತಿಗೆ ಆರಿಸಿಕೊಂಡ ಎಂಟು ಯೋಜನೆಗಳಲ್ಲಿ ನಮ್ಮದೂ ಒಂದು. ಅಮೆರಿಕದ ಕೊಜೆಂಟ್ರಿಕ್ಸ್ ಮತ್ತು ಹಾಂಗ್‌ಕಾಂಗಿನ ಚೈನಾ ಲೈಟ್ ಅಂಡ್ ಪವರ್ ಸೇರಿ ಇಲ್ಲಿ 1,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಕಟ್ಟಬೇಕಿತ್ತು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಆ ಕಂಪನಿಯ ಹೆಸರು ಬಸ್ ನಿಲ್ದಾಣದ ಗೋಡೆಗಳ ಮೇಲೆಲ್ಲ ಇತ್ತು. ಹೋರಾಟ, ಮೊಕದ್ದಮೆ ಎಲ್ಲ ಆಗಿ 1999ರ ಡಿಸೆಂಬರಿನಲ್ಲಿ ಕೊಜೆಂಟ್ರಿಕ್ಸ್ ಹಿಂದೆ ಸರಿದಾಗ ಊರವರು ಗೆದ್ದೆವೆಂದು ಸಿಹಿ ಹಂಚಿದ್ದು ನನಗೆ ನೆನಪಿದೆ. ಕೆಲವೇ ವರ್ಷಗಳಲ್ಲಿ ಅದೇ ಆಸುಪಾಸಿನಲ್ಲಿ, ಎಲ್ಲೂರಿನಲ್ಲಿ, ಅದಕ್ಕಿಂತ ದೊಡ್ಡದಾದ 1,200 ಮೆಗಾವಾಟಿನ ಸ್ಥಾವರ ಏಳತೊಡಗಿತ್ತು. 2010ರಲ್ಲಿ ಮೊದಲ ಘಟಕ ಚಾಲೂ ಆಯಿತು. ಕಂಪನಿ ಸ್ವದೇಶಿ, ಕಲ್ಲಿದ್ದಲು ಮಾತ್ರ ಹಡಗಿನಲ್ಲಿ ಹೊರದೇಶದಿಂದ ನವಮಂಗಳೂರು ಬಂದರಿಗೆ ಬರುವಂಥದ್ದು. ನಾವು ಓಡಿಸಿದ್ದು ವಿದೇಶಿಯನ್ನು, ಚಿಮಣಿಯನ್ನಲ್ಲ.

ಇದಕ್ಕೂ ಮೊದಲಿನದು ಕುದುರೆಮುಖದ ಕಬ್ಬಿಣದ ಅದಿರಿನ ಗಣಿ. ಆ ಗಣಿಗೆ 1970ರ ದಶಕದಲ್ಲಿ ಸಾಲ ಕೊಡಲು ಒಪ್ಪಿದ್ದು ಷಾ ಆಳುತ್ತಿದ್ದ ಇರಾನ್. 1979ರ ಕ್ರಾಂತಿಯ ನಂತರ ಆ ಕಡೆಯ ಹಣವೂ ನಿಂತಿತು, ಅದಿರಿಗೆ ಗಿರಾಕಿಯೂ ಇಲ್ಲದಾಯಿತು. ಅಷ್ಟು ಹೊತ್ತಿಗೆ ಗುಡ್ಡ ಅಗೆದಾಗಿತ್ತು, ಘಟ್ಟದಿಂದ ಪಣಂಬೂರಿಗೆ ಸುಮಾರು 67 ಕಿಲೋಮೀಟರ್ ಉದ್ದದ ಅದಿರುಗೆಸರಿನ ಕೊಳವೆ ಬಂದಿತ್ತು. ಭದ್ರೆಗೆ ಹೂಳು ಸೇರುತ್ತಲೇ ಇದ್ದು, ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು. ಹಣ ಕೊಟ್ಟವರು ಬಿಟ್ಟುಹೋದರೂ ಕಾಲು ಶತಮಾನ ಕೆಲಸ ನಡೆಸಿದವರು ನಮ್ಮವರೇ, ಸರ್ಕಾರಿ ಕಂಪನಿಯೇ.

ತೊಬಾತಾದಲ್ಲಿ ನಡೆದದ್ದು ಬೇರೆ ರೀತಿ. 1901ರಲ್ಲಿ ಇಲ್ಲಿನ ಯಾವಾತಾ ಉಕ್ಕಿನ ಕಾರ್ಖಾನೆ ಶುರುವಾದ ಮೇಲೆ ಬಹುಕಾಲ ಹೊಗೆಯನ್ನು ಜನ ಹೆಮ್ಮೆಯಿಂದ "ಏಳು ಬಣ್ಣದ ಹೊಗೆ" ಎಂದು ಕೊಂಡಾಡುತ್ತಿದ್ದರಂತೆ. 1950ರ ಸುಮಾರಿಗೆ, ಪಕ್ಕದಲ್ಲಿದ್ದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಬೂದಿಯಿಂದ ಬೇಸತ್ತ ಇಲ್ಲಿನ ಮಹಿಳಾ ಸಂಘದವರು ಮೊದಲು ಮಾಡಿದ್ದು ಘೋಷಣೆ ಕೂಗುವುದನ್ನಲ್ಲ. ಬೇರೆ ಬೇರೆ ಕಡೆ ಬಿಳಿ ಬಟ್ಟೆಗಳನ್ನು ತೂಗುಹಾಕಿ, ಯಾವುದು ಎಷ್ಟು ಕಪ್ಪಾಯಿತೆಂದು ಹೋಲಿಸಿ ನೋಡಿದರು. ಅದನ್ನು ಹಿಡಿದುಕೊಂಡು ನಗರಸಭೆಯ ಮುಂದೆ ಹೋದರು, ಸ್ಥಾವರಕ್ಕೆ ಬೂದಿ ಹಿಡಿಯುವ ಯಂತ್ರ ಬಂತು. 1960ರ ದಶಕದಲ್ಲಿ ಇದನ್ನೇ ಮುಂದುವರಿಸಿದವರು, ಗಾಳಿಯಲ್ಲಿನ ಗಂಧಕದ ಪ್ರಮಾಣವನ್ನೂ ಶಾಲೆಗೆ ಮಕ್ಕಳ ಗೈರುಹಾಜರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿದರು. ಅವರಲ್ಲಿ ಅನೇಕರ ಗಂಡಂದಿರು ಅದೇ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು ಎನ್ನುವುದನ್ನು ಮರೆಯಬಾರದು. 1965ರಲ್ಲಿ ಈ ನಗರದ ಶಿರೊಯಾಮಾ ಭಾಗದಲ್ಲಿ ತಿಂಗಳಿಗೆ ಚದರ ಕಿಲೋಮೀಟರಿಗೆ ಸರಾಸರಿ 80 ಟನ್ ದೂಳು ಬೀಳುತ್ತಿತ್ತು. ಆ ಅಂಕಿಯನ್ನು ಮುಚ್ಚಿಡಲಿಲ್ಲ. ಈಗಲೂ ಅದನ್ನು ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತಾರೆ.

ನನಗೆ ಹೆಚ್ಚು ಹಿಡಿಸಿದ್ದು ಆಮೇಲೆ ಬಂದ ಕರಾರುಪತ್ರ. ದೇಶದ ಕಾನೂನು ಒಂದು ಕಡೆ ಇರಲಿ ಎಂದು, ನಗರವೇ ಪ್ರತಿಯೊಂದು ದೊಡ್ಡ ಕಾರ್ಖಾನೆಯೊಂದಿಗೆ ಕೂತು, ಇಷ್ಟಕ್ಕಿಂತ ಹೆಚ್ಚು ಗಂಧಕ ಬಿಡುವುದಿಲ್ಲ, ಇಂಥ ಇಂಧನವನ್ನೇ ಬಳಸುತ್ತೇವೆ, ಹೊಸ ಘಟಕ ಕಟ್ಟುವ ಮೊದಲು ನಿಮ್ಮೊಂದಿಗೆ ಮಾತನಾಡುತ್ತೇವೆ, ನಿಮ್ಮವರು ಒಳಗೆ ಬಂದು ನೋಡಬಹುದು ಎಂದು ಬರೆಸಿಕೊಂಡಿತು. ಜಪಾನಿನಲ್ಲಿ ಈ ಪದ್ಧತಿ 1964ರಲ್ಲಿ ಯೊಕೊಹಾಮಾದಿಂದ ಆರಂಭವಾದದ್ದು. 1970ರಲ್ಲಿ ಅವರ ಸಂಸತ್ತು ಮಾಲಿನ್ಯದ ಬಗ್ಗೆ ಒಂದೇ ಅಧಿವೇಶನದಲ್ಲಿ 14 ಕಾನೂನುಗಳನ್ನು ಮಾಡಿದ ಮೇಲೆ ಅದಕ್ಕೆ ಇನ್ನಷ್ಟು ಬಲ ಬಂತು. "ಸತ್ತ ಸಮುದ್ರ" ಎನ್ನಿಸಿಕೊಂಡಿದ್ದ ಇಲ್ಲಿನ ದೊಕಾಯ್ ಕೊಲ್ಲಿಯ ತಳದ ವಿಷಗೆಸರನ್ನು 1970ರ ದಶಕದಲ್ಲಿ ಎತ್ತಿದಾಗ ಖರ್ಚಿನ ದೊಡ್ಡ ಪಾಲನ್ನು ಕಾರ್ಖಾನೆಗಳೇ ಕೊಟ್ಟವು. ನಮ್ಮಲ್ಲಿ ಕಾರ್ಖಾನೆಯೂ ಊರೂ ಎದುರುಬದುರಾಗುವುದು ಒಂದೇ ದಿನ, ಸಾರ್ವಜನಿಕ ಅಹವಾಲು ಸಭೆಯ ದಿನ. ಶಾಮಿಯಾನದ ಕೆಳಗೆ ಎರಡು ಕಡೆಯವರೂ ಕೂಗಾಡಿ, ಊಟದ ಹೊತ್ತಿಗೆ ಪೊಲೀಸರು ಎದ್ದುನಿಂತು, ಅಲ್ಲಿಗೆ ಮುಗಿಯಿತು. ಅದರ ನಂತರದ ಮೂವತ್ತು ವರ್ಷ ಯಾರ ಹತ್ತಿರ ಏನು ಕೇಳಬೇಕು?

ಕೇಳಲು ನಾನು ಹೋಗಿದ್ದೆ. ಕಳೆದ ರಜೆಯಲ್ಲಿ ಒಂದು ಕಚೇರಿಗೆ ಹೋಗಿ, ನಮ್ಮ ಗ್ರಾಮದ ಗಾಳಿಯಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಲೆಕ್ಕ ಸಿಗಬಹುದೇ ಎಂದು ವಿಚಾರಿಸಿದೆ. ಮೊದಲನೆಯ ಮೇಜಿನವರು ಎರಡನೆಯ ಮೇಜಿಗೆ ಕಳಿಸಿದರು, ಎರಡನೆಯವರು ಸಾಹೇಬರು ಸೈಟಿಗೆ ಹೋಗಿದ್ದಾರೆಂದರು, ಮೂರನೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ "ನೀವು ಯಾವ ಪಕ್ಷದವರು?" ಎಂದು ಕೇಳಿದರು. ಮಧ್ಯಾಹ್ನ ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ವಿಚಿತ್ರ ಹೊಳೆಯಿತು. ಶಂಕರಪುರದ ಕಟ್ಟೆಯಲ್ಲಿ ಇವತ್ತು ಮಲ್ಲಿಗೆ ಅಟ್ಟೆಗೆ ಎಷ್ಟು ಎನ್ನುವುದು ನಮ್ಮ ಊರಿನಲ್ಲಿ ನಾಲ್ಕು ಗಿಡ ಇಟ್ಟುಕೊಂಡ ಹೆಂಗಸಿಗೂ ಬೆಳಗ್ಗೆಯೇ ಗೊತ್ತಿರುತ್ತದೆ. ಅಟ್ಟೆಗೆ ನಾಲ್ಕು ಚೆಂಡು, ಚೆಂಡಿಗೆ 800 ಹೂವು ಎಂಬ ಲೆಕ್ಕದಲ್ಲಿ ಒಂದು ಮೊಗ್ಗೂ ಆಚೀಚೆ ಆಗುವುದಿಲ್ಲ. ಲೆಕ್ಕ ಇಡಲು ಬಾರದವರಲ್ಲ ನಾವು. ಅದೇ ಗಿಡದ ಎಲೆಯ ಮೇಲೆ ಕೂತ ಹುಡಿಗೆ ಮಾತ್ರ ಲೆಕ್ಕವಿಲ್ಲ.

ಹೀಗೆ ಬರೆಯುತ್ತಾ ಹೋದರೆ ಜಪಾನಿನ ಪಕ್ಷ ವಹಿಸಿದಂತಾಗುತ್ತದೆ ಎಂದು ನನ್ನ ಹೆಂಡತಿ ಎಚ್ಚರಿಸಿದಳು. ಅವಳು ಹೇಳಿದ್ದರಿಂದ ಒಪ್ಪಿಕೊಳ್ಳಬೇಕಾದ ಕೆಲವನ್ನು ಒಪ್ಪಿಕೊಳ್ಳುತ್ತೇನೆ. ಇಲ್ಲಿನ ಆಕಾಶ ತಿಳಿಯಾದದ್ದು ಯಂತ್ರದಿಂದ ಮಾತ್ರ ಅಲ್ಲ. ಅದಿರಿನ ಹುಡಿಯನ್ನು ಕಲ್ಲಿದ್ದಲಿನ ಕೋಕ್ ಮತ್ತು ಸುಣ್ಣದೊಂದಿಗೆ ಸುಟ್ಟು ಗಟ್ಟಿಮಾಡುವುದು ಉಕ್ಕಿನ ಉದ್ದಿಮೆಯಲ್ಲೇ ಬಹಳ ಹೊಗೆಯ ಕೆಲಸ. ತಮ್ಮ ಊರಿನಲ್ಲಿ ವಿರೋಧ ಹೆಚ್ಚಿದಾಗ ಜಪಾನಿನ ಒಂದು ಉಕ್ಕಿನ ಕಂಪನಿ 1970ರ ದಶಕದಲ್ಲಿ ಆ ಘಟಕವನ್ನು ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದಲ್ಲಿ ಕಟ್ಟಿತು. "ಮಾಲಿನ್ಯದ ರಫ್ತು" ಎಂಬ ಮಾತು ಜಪಾನಿ ಭಾಷೆಯಲ್ಲೇ ಇದೆ. ಬಾಂಗ್ಲಾದೇಶದ ಮಾತರ್‌ಬಾರಿಯಲ್ಲಿ ಕಡಲ ದಂಡೆಯ ಮೇಲೆ ಜಪಾನಿನ ಸಾಲದಿಂದ ಎದ್ದ ಕಲ್ಲಿದ್ದಲು ಸ್ಥಾವರವೂ 1,200 ಮೆಗಾವಾಟಿನದ್ದೇ, ನಮ್ಮ ಎಲ್ಲೂರಿನಷ್ಟೇ. ಇಂಗಾಲವನ್ನು ಹಿಡಿದಿಡುವ ವ್ಯವಸ್ಥೆ ಇಲ್ಲದ ಇಂಥ ಸ್ಥಾವರಗಳಿಗೆ ಹೊರದೇಶಗಳಲ್ಲಿ ಸರ್ಕಾರದ ಹಣ ಕೊಡುವುದಿಲ್ಲವೆಂದು ಜಿ-7 ದೇಶಗಳ ಜೊತೆ ಜಪಾನ್ ಮಾತು ಕೊಟ್ಟದ್ದು 2021ರಲ್ಲಿ, ತನ್ನ ಆಕಾಶ ತಿಳಿಯಾಗಿ ಎಷ್ಟೋ ದಶಕಗಳಾದ ಮೇಲೆ.

ಇನ್ನೊಂದು, ಬಿಳಿ ಬಟ್ಟೆಯಲ್ಲಿ ಕಾಣಿಸುವುದು ಬೂದಿ. ಇಂಗಾಲದ ಡೈ ಆಕ್ಸೈಡ್ ಯಾವ ಬಟ್ಟೆಯಲ್ಲೂ ಕಾಣಿಸುವುದಿಲ್ಲ. ತೊಬಾತಾದ ಮಹಿಳೆಯರ ಗೆಲುವು ದೂಳಿನ ಮತ್ತು ಗಂಧಕದ ಮೇಲಿನದು, ಹವಾಮಾನದ ಮೇಲಿನದಲ್ಲ. ಗಂಧಕ ಬಿಟ್ಟವನ ಊರಿಗೇ ಹೆಚ್ಚಾಗಿ ಬೀಳುತ್ತದೆ, ಆದ್ದರಿಂದ ಊರು ಜಗಳಕ್ಕೆ ನಿಲ್ಲುತ್ತದೆ. ಇಂಗಾಲ ಎಲ್ಲರ ತಲೆಯ ಮೇಲೂ ಸಮವಾಗಿ ಹರಡುವುದರಿಂದ ಯಾವ ಊರಿನ ಕರಾರಿಗೂ ಸಿಗುವುದಿಲ್ಲ. ಅದರಲ್ಲೂ ಉಕ್ಕನ್ನು ಬಳಸಿದವನ ಲೆಕ್ಕಕ್ಕೆ ಬಾರದೆ ತಯಾರಿಸಿದವನ ಲೆಕ್ಕಕ್ಕೇ ಅದು ಬರೆಯಲ್ಪಡುತ್ತದೆ. ಯುರೋಪಿನವರು 2026ರಿಂದ ಹೊರಗಿನ ಉಕ್ಕು, ಸಿಮೆಂಟ್, ಗೊಬ್ಬರಗಳ ಮೇಲೆ ಇಂಗಾಲದ ಸುಂಕ ಹಾಕುವುದನ್ನು ನಮ್ಮವರು ಅನ್ಯಾಯವೆನ್ನುತ್ತಾರೆ, ಅರ್ಧ ನಿಜ. ಹೊರಗಿನ ಹಣವೆಲ್ಲ ಹೊಗೆಯದೂ ಅಲ್ಲ. ಪಾವಗಡದ ಬಯಲಿನ ಸೌರ ಫಲಕಗಳಲ್ಲಿ ಫಿನ್ಲೆಂಡಿನವರ ಬಂಡವಾಳವೂ ಇತ್ತು, ಜಪಾನಿನವರದ್ದೂ ಇತ್ತು.

ಕೊನೆಯದಾಗಿ, ನಮ್ಮವರು ಸುಮ್ಮನೆ ಕೂತವರಲ್ಲ ಎಂಬುದನ್ನೂ ಹೇಳಲೇಬೇಕು. ನಂದಿಕೂರಿನವರ ದೂರಿನ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಎಲ್ಲೂರಿನ ಸ್ಥಾವರಕ್ಕೆ 52 ಕೋಟಿ ರೂಪಾಯಿಯಷ್ಟು ಪರಿಸರ ಪರಿಹಾರ ವಿಧಿಸಿತು. ಅದರ ಹಿಂದೆ ಹದಿನೈದಕ್ಕೂ ಹೆಚ್ಚು ವರ್ಷಗಳ ಓಡಾಟವಿದೆ. ಯಾವಾತಾದ ಚಿಮಣಿಗಳಿಗೂ ಈ ಜನ ಅರವತ್ತು ವರ್ಷ ಕಾದಿದ್ದರು. ದೂರದಲ್ಲಿ ಕೂತ ನನಗೆ ಅಷ್ಟು ತಾಳ್ಮೆಯಿಲ್ಲ, ಅಷ್ಟೆ.

ಮೊನ್ನೆ ಅಮ್ಮನಿಗೆ ತೊಬಾತಾದ ಹೆಂಗಸರ ಉಪಾಯವನ್ನು ವಿವರಿಸಿ, ತಾರಸಿಯಲ್ಲಿ ಒಂದು ಬಿಳಿ ಬಟ್ಟೆಯನ್ನು ತಿಂಗಳಿಡೀ ಬಿಟ್ಟು ನೋಡಿ ಎಂದೆ. "ಈ ಮಳೆಗೆ ಎಂಥದು ನೋಡುವುದು? ದೀಪಾವಳಿ ಕಳೆಯಲಿ" ಎಂದರು. ಸ್ವಲ್ಪ ತಡೆದು, "ಒಳ್ಳೆಯ ಬಟ್ಟೆ ಹಾಳು ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ, ಬೇಕಿದ್ದರೆ ನಿನ್ನದೇ ಹಳೇ ಪಂಚೆ ಒಂದು ಕಳಿಸು" ಎಂದರು. ಬಾಲ್ಕನಿಯಲ್ಲಿ ಒಣಗಿದ ಎರಡರಲ್ಲಿ ಸ್ವಲ್ಪ ಜೂಲು ಎದ್ದದ್ದನ್ನು ಮಡಚಿ ಚೀಲಕ್ಕೆ ಹಾಕಿಟ್ಟಿದ್ದೇನೆ.