ಮನೆಯ ಹಿರಿಯರಿಗೆ ನಿಮ್ಮ ಹಳೇ ಫೋನ್ ಕೊಡಬೇಡಿ

ನಮ್ಮ ಕಡೆ ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಒಂದು ಕ್ರಮ ಇದೆ. ಮಗ ಹೊಸ ಫೋನ್ ತಗೊಂಡರೆ ಅವನ ಹಳೇದು ಅಪ್ಪನಿಗೆ ಹೋಗುತ್ತದೆ, ಅಪ್ಪನದು ಅಮ್ಮನಿಗೆ, ಅಮ್ಮನದು ಅಜ್ಜಿಗೆ. ಅಜ್ಜಿಯ ಕೈಗೆ ಬರುವ ಹೊತ್ತಿಗೆ ಅದರ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ, ಗಾಜು ಮೂಲೆಯಲ್ಲಿ ಒಡೆದಿದೆ, ಸ್ಪೀಕರಿನ ತೂತಿನ ತುಂಬ ಧೂಳು. ಆಮೇಲೆ ನಾವೇ ಹೇಳುತ್ತೇವೆ, "ಅಜ್ಜಿಗೆ ಫೋನ್ ಬರಲ್ಲ" ಅಂತ. ನಾನೂ ಹೇಳಿದ್ದೇನೆ. ಅದು ತಪ್ಪು ಅಂತ ಗೊತ್ತಾದ ಮೇಲೆ ಬರೆಯದೇ ಇರೋಕೆ ಆಗಲಿಲ್ಲ.

ನಮ್ಮ ದೊಡ್ಡಮ್ಮನಿಗೆ ಈಗ 79. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮೇಗರವಳ್ಳಿಗೂ ಮುಂಚೆ ಒಳಗೆ ತಿರುಗಬೇಕು. ತೋಟದ ಪಕ್ಕದಲ್ಲಿ ಮನೆ, ಮೂರು ಕಡೆ ಗುಡ್ಡ. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ಮಗಳು ಮಂಗಳೂರಲ್ಲಿ, ಮಗ ಪುಣೆಯಲ್ಲಿ. ನಾನು ಶಿವಮೊಗ್ಗದಲ್ಲಿ ಇರುವುದರಿಂದ ಏನೇ ಆದರೂ ಮೊದಲು ಓಡುವುದು ನಾನು. ಅಣ್ಣನ ಹಳೇ ಫೋನು ಅವರ ಹತ್ತಿರ ಎರಡು ವರ್ಷದಿಂದ ಇತ್ತು. ಹತ್ತು ಸಲ ಮಾಡಿದರೆ ಎರಡು ಸಲ ಎತ್ತುತ್ತಿದ್ದರು. ಉಳಿದ ಎಂಟು ಸಲ ನಮಗೆ ಇಲ್ಲಿ ಎದೆ ಢವಢವ.

ಹೋದ ಸಲ ಅಡಿಕೆ ಸುಲಿತದ ಹೊತ್ತಿಗೆ ಎಂಟು ದಿನ ಅಲ್ಲೇ ಉಳಿದೆ. ಮೂರನೇ ದಿನ ಇರಬೇಕು, ಅಕ್ಕ ಮಂಗಳೂರಿಂದ ವಾಟ್ಸಾಪ್ ಕರೆ ಮಾಡಿದಳು. ದೊಡ್ಡಮ್ಮ ಮೆಟ್ಟುಗತ್ತಿ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಒತ್ತಿದರು. ಏನೂ ಆಗಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದರು. ಆ ಫೋನಲ್ಲಿ ಗುಂಡಿಯನ್ನು ಒತ್ತುವುದಲ್ಲ, ಮೇಲಕ್ಕೆ ಎಳೆಯಬೇಕು. ಎಳೆದು ತೋರಿಸಿದೆ. ಅವರು ಎಳೆದರು, ಸರಿಯಾಗೇ ಎಳೆದರು, ಆದರೂ ಅದು ಕದಲಲಿಲ್ಲ. ಆಗ ಅವರ ಬೆರಳು ನೋಡಿದೆ. ತುದಿಯ ಚರ್ಮ ದಪ್ಪಗಾಗಿ ಒಣಗಿ ಬಿರುಕು ಬಿಟ್ಟಿದೆ, ಬಿರುಕಿನೊಳಗೆ ಅಡಿಕೆ ಚೊಗರು ಕಪ್ಪಗೆ ಕೂತಿದೆ. ಅರವತ್ತು ವರ್ಷ ಅಡಿಕೆ ಸುಲಿದ ಬೆರಳು. ಈ ಗಾಜಿನ ಪರದೆಗೆ ನಾವು ಎಷ್ಟು ಜೋರಾಗಿ ಒತ್ತಿದೆವು ಅನ್ನುವುದು ಗೊತ್ತಾಗುವುದಿಲ್ಲ. ಚರ್ಮದ ಮೂಲಕ ಆಗುವ ಸಣ್ಣ ವಿದ್ಯುತ್ ಬದಲಾವಣೆಯಷ್ಟೇ ಅದಕ್ಕೆ ಗೊತ್ತಾಗುವುದು. ಚರ್ಮ ದಪ್ಪಗಾಗಿ ಒಣಗಿದರೆ ಅದೂ ಸರಿಯಾಗಿ ಗೊತ್ತಾಗಲ್ಲ. ಮೂಲೆ ಒಡೆದ ಪರದೆಯಾದರೆ ಕೇಳಲೇಬೇಡಿ.

ದೊಡ್ಡಮ್ಮ ಫೋನನ್ನು ಚಾಪೆ ಮೇಲಿಟ್ಟು, "ನನಗೆ ಇದೆಲ್ಲ ಹೋಗಲ್ಲ ಮಾರಾಯ್ತಿ" ಅಂದರು. ಮನೆಯ ಲೆಕ್ಕ, ತೋಟದ ಲೆಕ್ಕ, ಮಂಡಿಯ ಲೆಕ್ಕ ಎಲ್ಲ ಬಾಯಲ್ಲೇ ಇಟ್ಟುಕೊಂಡ ಹೆಂಗಸು ಹಾಗಂದಿದ್ದು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಿವಿಯ ವಿಷಯವೂ ಹೇಳುತ್ತೇನೆ. ದೊಡ್ಡಮ್ಮನಿಗೆ ಕಿವಿ ಮಂದ ಅಂತ ನಾವೆಲ್ಲ ಫೋನಲ್ಲಿ ಕಿರುಚುತ್ತಿದ್ದೆವು. ವಯಸ್ಸಾಗುತ್ತಾ ಮೊದಲು ಕಡಿಮೆಯಾಗುವುದು ಸಾಮಾನ್ಯವಾಗಿ ಕೀರಲು ದನಿ ಕೇಳುವ ಶಕ್ತಿ. ಸ, ಶ, ತ, ಪ ಥರದ ಅಕ್ಷರಗಳು ಅದರ ಜೊತೆ ಹೋಗುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಕೇಳುತ್ತದೆ, ಏನು ಅಂತ ಬಿಡಿಸಿಕೊಳ್ಳೋಕೆ ಆಗಲ್ಲ. ಕಿರುಚಿದರೆ ಇನ್ನೂ ಕಲಸುತ್ತದೆ. ಎದುರಿಗೆ ಕೂತು ಮಾತಾಡಿದಾಗ ಅವರಿಗೆ ಎಲ್ಲ ಅರ್ಥ ಆಗುತ್ತಿತ್ತಲ್ಲ, ಅದು ಯಾಕೆ ಅಂತ ನಾವ್ಯಾರೂ ಯೋಚಿಸಿರಲಿಲ್ಲ. ಅವರು ತುಟಿ ನೋಡುತ್ತಿದ್ದರು! ಅಂಗೈ ಅಗಲದ ಫೋನಲ್ಲಿ, ಕನ್ನಡಕ ಹಾಕಿಕೊಂಡು, ನಡುಗುವ ಚಿತ್ರದಲ್ಲಿ ಯಾರ ತುಟಿ ಕಾಣುತ್ತದೆ ಹೇಳಿ.

ಇಷ್ಟಾದ ಮೇಲೆ ಟ್ಯಾಬ್ಲೆಟ್ ತರೋಣ ಅಂತ ತೀರ್ಮಾನ ಮಾಡಿದೆ. ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಎರಡು ಮೂರು ಅಂಗಡಿ ಹತ್ತಿ ಇಳಿದೆ. ಎಲ್ಲ ಕಡೆ ಮೊದಲು ತೋರಿಸುವುದು ಕ್ಯಾಮೆರಾ, ಮೆಮೊರಿ. "79 ವರ್ಷದವರು, ಬರೀ ಮಾತಾಡೋಕೆ" ಅಂದರೆ ಒಂದು ಕಡೆ ಹುಡುಗ "ಹಾಗಾದ್ರೆ ಎಲ್ಲಕ್ಕಿಂತ ಕಮ್ಮಿದು ಕೊಡ್ತೀನಿ ಮೇಡಂ" ಅಂದ. ಅಲ್ಲೇ ಎದ್ದು ಬಂದೆ. ಕಮ್ಮಿದು ಅಂದರೆ ಪರದೆ ಮಂಕು, ದನಿ ಸಣ್ಣದು, ಒತ್ತಿದರೆ ತಡ. ಕಣ್ಣು, ಕಿವಿ, ಬೆರಳು ಮೂರೂ ಸೋತವರಿಗೇ ಒಳ್ಳೆಯ ಪರದೆ, ಒಳ್ಳೆಯ ದನಿ ಬೇಕಾಗಿರುವುದು, ಅಲ್ವಾ?

ಕೊನೆಗೆ 11 ಇಂಚಿನದು ತಗೊಂಡೆ, ಸಿಮ್ ಹಾಕುವಂಥದ್ದು. ಬರೀ ವೈಫೈದು ಸ್ವಲ್ಪ ಅಗ್ಗ. ಆದರೆ ವಾಟ್ಸಾಪ್ ಶುರು ಮಾಡೋಕೆ ಒಂದು ನಂಬರ್ ಬೇಕು. ಬೇರೆ ಫೋನಿನ ವಾಟ್ಸಾಪನ್ನೇ ಟ್ಯಾಬ್ಲೆಟ್‌ಗೂ ಜೋಡಿಸಬಹುದು, ಆದರೆ ಆ ಫೋನನ್ನು 14 ದಿನ ಮುಟ್ಟದೇ ಬಿಟ್ಟರೆ ಟ್ಯಾಬ್ಲೆಟ್‌ನಲ್ಲೂ ಕಟ್ ಆಗುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಆ ತಲೆನೋವು ಬೇಡ. 11 ಇಂಚಿನದು ಸುಮಾರು ಅರ್ಧ ಕೆಜಿ ತೂಗುತ್ತದೆ. ಕೈಯಲ್ಲಿ ಹಿಡಿಯೋಕೆ ಅಲ್ಲವೇ ಅಲ್ಲ, ಸ್ಟ್ಯಾಂಡ್ ಮೇಲೆ ಒಂದೇ ಕಡೆ ಇಡೋಕೆ. ಮೊದಲು ಅದನ್ನು ಜಗಲಿಯಲ್ಲಿ, ಅಂಗಳಕ್ಕೆ ಬೆನ್ನು ಹಾಕಿ ಕೂರುವ ಹಾಗೆ ಇಟ್ಟೆ. ಪುಣೆಯಿಂದ ಅಣ್ಣ, "ಅಮ್ಮ ಬರೀ ಕಪ್ಪಗೆ ಕಾಣ್ತಾಳೆ" ಅಂದ. ನಮ್ಮ ಹಳೇ ಮನೆಗಳ ಒಳಗೆ ಹಗಲಲ್ಲೂ ಕತ್ತಲೆ, ಹೊರಗೆ ಝಗಝಗ ಬೆಳಕು. ಬೆಳಕು ಬೆನ್ನಿಗಿದ್ದರೆ ಮುಖ ಕಾಣುವುದೇ ಇಲ್ಲ. ಮೇಜು ತಿರುಗಿಸಿ ಅಂಗಳ ಅವರ ಎದುರಿಗೆ ಬರುವ ಹಾಗೆ ಮಾಡಿದೆ. ಅಷ್ಟೇ. ಆವತ್ತು ಸಂಜೆ ಮೊಮ್ಮಗಳ ತುಟಿ ನೋಡುತ್ತಾ ಅರ್ಧ ಗಂಟೆ ಮಾತಾಡಿದರು, ಒಂದು ಸಲವೂ "ಎಂತ? ಎಂತ ಅಂದೆ?" ಅನ್ನಲಿಲ್ಲ.

ಆದರೆ ಟ್ಯಾಬ್ಲೆಟ್ ತಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಅದು ಮುಖ ನೋಡೋಕೆ. ರಾತ್ರಿ ಹನ್ನೊಂದಕ್ಕೆ ಎದೆ ನೋವು ಬಂದರೆ ಏನು ಮಾಡುವುದು? ವಾಟ್ಸಾಪಿನಿಂದ 108ಕ್ಕೂ 112ಕ್ಕೂ ಕರೆ ಹೋಗಲ್ಲ. ಸಿಮ್ ಇದೆಯಲ್ಲ ಅಂದರೆ, ಆ ಮನೆಯಲ್ಲಿ ಸಿಗ್ನಲ್ ಎಲ್ಲಿದೆ? ಮೊಬೈಲ್ ಸಿಗ್ನಲ್ ಬೇಕು ಅಂದರೆ ಗುಡ್ಡ ಹತ್ತಿ ಹಲಸಿನ ಮರದ ಹತ್ತಿರ ಹೋಗಬೇಕು. ಮಲೆನಾಡಲ್ಲಿ ಇದ್ದವರಿಗೆ ಈ ಮರ ಗೊತ್ತು, ಪ್ರತಿ ಊರಲ್ಲೂ ಒಂದಿದೆ. ಮನೆಯ ವೈಫೈ ಮೂಲಕವೇ ಮಾಮೂಲಿ ಕರೆ ಬರುವ ವೈಫೈ ಕಾಲಿಂಗ್ ಏರ್‌ಟೆಲ್, ಜಿಯೋದಲ್ಲಿ 2019-20ರಿಂದಲೇ ಇದೆ. ಅದಕ್ಕೆ ಫೋನೂ ಒಪ್ಪಬೇಕು. ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಕೂಡ ಮಾಡಿರಬೇಕು. ಹಳೇ 2ಜಿ ಕೀಪ್ಯಾಡ್ ಫೋನಲ್ಲಿ ಅದು ಬರಲ್ಲ, ಅದಕ್ಕೆ ಜಿಯೋ ಸಿಮ್ ಹಾಕಿದರೆ ಮಾಮೂಲಿ ಕರೆಯೂ ಬರಲ್ಲ, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ.

ಇದಕ್ಕೆ ದಾರಿ ಸಿಕ್ಕಿದ್ದು ಮನೆಯ ಗೋಡೆಯಲ್ಲೇ. ವೈಫೈಗಾಗಿ ಬಿಎಸ್‌ಎನ್‌ಎಲ್ ಫೈಬರ್ ಹಾಕಿಸಿದ್ದೆವು. ಧೂಳು ಒರೆಸುವಾಗ ಆ ಮೋಡೆಮ್ ಹಿಂದೆ ಒಂದು ಸಣ್ಣ ತೂತು ಕಂಡಿತು, ಹಳೇ ಟೆಲಿಫೋನಿನ ಪಿನ್ ಹೋಗುವಂಥದ್ದು. ಕೇಳಿದರೆ, ಹೌದು, ಫೈಬರ್ ಜೊತೆ ಲ್ಯಾಂಡ್‌ಲೈನ್ ನಂಬರೂ ಕೊಡುತ್ತಾರಂತೆ, ನಾವು ಬಳಸಿರಲಿಲ್ಲ ಅಷ್ಟೇ. ಅಟ್ಟದ ಮೇಲೆ ದೊಡ್ಡಪ್ಪನ ಕಾಲದ ಟೆಲಿಫೋನು ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು. ತಂದು ಒರೆಸಿ ಸಿಕ್ಕಿಸಿದೆ. 08181ರಿಂದ ಶುರುವಾಗುವ ನಂಬರ್, ದೊಡ್ಡಮ್ಮನಿಗೆ ನಲವತ್ತು ವರ್ಷದ ಪರಿಚಯದ ಕೋಡು. ಗಂಟೆ ಬಾರಿಸಿತು. ಅವರು ಎದ್ದು ಹೋಗಿ ರಿಸೀವರ್ ಎತ್ತಿ "ಹಲೋ" ಅಂದರು. ಯಾರೂ ಏನೂ ಹೇಳಿಕೊಡಲಿಲ್ಲ.

ಒಂದು ವಿಷಯ ಮಾತ್ರ ನೆನಪಿಡಿ. ಮೊದಲಿನ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತಿತ್ತು, ಅದಕ್ಕೇ ಮನೆಯಲ್ಲಿ ಕರೆಂಟು ಹೋದರೂ ಅದು ಬಾರಿಸುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಬರೀ ಬೆಳಕು. ಕರೆಂಟು ಹೋದರೆ ಮೋಡೆಮ್ ಸತ್ತಿತು, ಮೋಡೆಮ್ ಜೊತೆ ಟೆಲಿಫೋನೂ ಸತ್ತಿತು. ನಮ್ಮ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ. ಹಾಗಾಗಿ ಮೋಡೆಮನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಇನ್ವರ್ಟರ್ ಇಲ್ಲದಿದ್ದರೆ ಮೋಡೆಮ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ಮಾತ್ರ ಪ್ಲಗ್ ಕಿತ್ತು ಇಡುವುದೇ ಸರಿ, ಸಿಡಿಲಿನ ಪೆಟ್ಟು ಕರೆಂಟಿನ ತಂತಿಯಲ್ಲೂ ಬರುತ್ತದೆ. ಮರ ಬಿದ್ದು ಫೈಬರ್ ತುಂಡಾದರೆ ಕೆಲಸಕ್ಕೆ ಬರುವವರ ಮನೆಗೆ ಓಡುವುದು ಅಂತ ಮಾತಾಗಿದೆ.

ಮೋಸದ ಕರೆಗಳಿಗೂ ಹೆದರಬೇಕು. ಪೊಲೀಸ್ ವೇಷ ಹಾಕಿ ವಿಡಿಯೊ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸುವವರು ಹುಡುಕುವುದೇ ಇಂಥ ಒಂಟಿ ಹಿರಿಯರನ್ನು. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ ಗೊತ್ತಿಲ್ಲದ ನಂಬರಿನ ಕರೆ ಬಾರಿಸದ ಹಾಗೆ ಮಾಡಬಹುದು, 2023ರಿಂದ ಇದೆ. ಅದನ್ನು ಹಾಕಿಟ್ಟೆ. ದುಡ್ಡು ಹೋದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಮಾಡಬೇಕು ಅಂತ ಟೆಲಿಫೋನಿನ ಪಕ್ಕದ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ, ಅದರ ಮೇಲೆ 108, ಅದರ ಮೇಲೆ ನನ್ನ ನಂಬರ್.

ಅಣ್ಣನ ಹಳೇ ಫೋನು ವಾಪಸ್ ತಂದೆ. ದೊಡ್ಡಮ್ಮ ಈಗ ದಿನಾ ಬೆಳಿಗ್ಗೆ ಕಾಫಿ ಕುಡಿದು ತಾವೇ ನಂಬರ್ ಒತ್ತಿ ಕರೆ ಮಾಡುತ್ತಾರೆ. ಹಿಂದಿನ ಎರಡು ವರ್ಷದಲ್ಲಿ ಅವರಾಗಿ ಒಂದು ಸಲವೂ ಮಾಡಿರಲಿಲ್ಲ. ಮೊನ್ನೆ ಮಾಡಿದ್ದು ಬರೀ ಇಷ್ಟು ಹೇಳೋಕೆ: "ಕಳಲೆ ಬಂದಿದೆ, ಶನಿವಾರ ಬಾ. ನೆನೆಸಿ ಇಟ್ಟಿರ್ತೀನಿ."

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಮಳೆ ಜೋರಾದಾಗ ಕೊಟ್ಟಿಗೆಯ ತಗಡಿನ ಸದ್ದಿಗೆ ಟೆಲಿಫೋನಿನ ಗಂಟೆ ಅಲ್ಲಿಗೆ ಕೇಳುವುದಿಲ್ಲ. ಟೆಲಿಫೋನ್ ಲೈನಿಗೆ ಇನ್ನೊಂದು ದೊಡ್ಡ ಗಂಟೆ ಜೋಡಿಸಿ ಕೊಟ್ಟಿಗೆಯಲ್ಲಿ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಇದ್ದರೆ ಎಲ್ಲಿ ಸಿಕ್ಕಿತು, ಫೈಬರ್ ಮೋಡೆಮ್ ಅದನ್ನು ಎಳೆಯುತ್ತದಾ ಅಂತ ದಯವಿಟ್ಟು ಹೇಳಿ. ಶನಿವಾರ ಹೋಗುವಾಗ ತಗೊಂಡು ಹೋಗುತ್ತೇನೆ.